ಬೆನ್ನ ಹಿಂದಿನ ಮಳೆ

ನಾನು ಚಿಕ್ಕವನಿದ್ದಾಗಲೂ ಹೀಗೆಯೇ ಇದ್ದೆ, ಮಕ್ಕಳೇ. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಊಟಕ್ಕೆ ಕುಳಿತರೆ ಎರಡು ತುತ್ತಿನ ನಡುವೆ ಒಮ್ಮೆ ಅಂಗಳಕ್ಕೆ ಹೋಗಿ ಬರಬೇಕು. “ಅಂಡು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಾನಲ್ಲ ಇವ! ಇವನ ಕಾಲಿಗೆ ಯಾರಾದರೂ ಒಂದು ಹಗ್ಗ ಕಟ್ಟಿ,” ಎಂದು ಅಮ್ಮ ಬೈಯುತ್ತಿದ್ದಳು. ಈಗ ನಿಮ್ಮ ಅಜ್ಜಿ ಅದನ್ನೇ ಸ್ವಲ್ಪ ಮರ್ಯಾದೆ ಕೊಟ್ಟು ಹೇಳುತ್ತಾಳೆ, ಅಷ್ಟೇ ವ್ಯತ್ಯಾಸ.

ಮೊನ್ನೆ ನೀವಿಬ್ಬರೂ ಟೆರೇಸಿನ ಮೆಟ್ಟಿಲಲ್ಲಿ ನನ್ನನ್ನು ಅಡ್ಡಗಟ್ಟಿ ಕೇಳಿದಿರಿ: “ಅಜ್ಜ, ನೀವು ರಿಟೈರ್ ಆಗಿ ಎಷ್ಟೋ ವರ್ಷ ಆಯಿತಲ್ಲ? ಮತ್ತೆ ಎಂತಕ್ಕೆ ದಿನಾ ಮಧ್ಯಾಹ್ನ ಹತ್ತಿ ಇಳಿದು, ಹತ್ತಿ ಇಳಿದು ಮಾಡ್ತೀರಿ? ಎಲ್ಲರೂ ಸಮುದ್ರ ನೋಡಿದರೆ ನೀವು ಪೂರ್ವಕ್ಕೆ, ಕಾರ್ಕಳದ ಕಡೆ ತಿರುಗಿ ನಿಲ್ತೀರಿ. ಎಂತ ಉಂಟು ಅಲ್ಲಿ?” ಆಗ ನಾನು ಉತ್ತರ ಕೊಡಲಿಲ್ಲ. ಮೋಡ ಏಳುತ್ತಿತ್ತು, ನನಗೆ ಪುರುಸೊತ್ತಿರಲಿಲ್ಲ. ಈಗ ಹೇಳುತ್ತೇನೆ. ಆದರೆ ನಡುವೆ ಎದ್ದು ಓಡಬಾರದು. ಅದು ನನ್ನೊಬ್ಬನ ಹಕ್ಕು.

ನಮ್ಮ ಮನೆ ಕಾಪುವಿನ ಕಡಲ ಕರೆಯಲ್ಲಿತ್ತು. ಅಂಗಳದಲ್ಲಿ ನಿಂತರೆ ಪಶ್ಚಿಮಕ್ಕೆ ಕಡಲು, ಬಂಡೆಯ ಮೇಲಿನ ದೀಪಸ್ತಂಭ. ಪೂರ್ವಕ್ಕೆ ಬರೀ ತೆಂಗಿನ ಮರಗಳು. ಅವುಗಳ ಆಚೆಯ ಆಕಾಶ ನಮಗೆ ಕಾಣುತ್ತಲೇ ಇರಲಿಲ್ಲ. ಅಪ್ಪ ಮತ್ತು ದೊಡ್ಡಪ್ಪ ರಂಪಣಿಗೆ ಹೋಗುವವರು. ರಂಪಣಿ ಎಂದರೆ ಬಹಳ ದೊಡ್ಡ ಬಲೆ. ದೋಣಿಯಲ್ಲಿ ಕೊಂಡುಹೋಗಿ ಕಡಲಿಗೆ ಬಿಟ್ಟು, ಅದರ ಎರಡು ತುದಿಗಳನ್ನು ನೆರೆಕರೆಯವರೆಲ್ಲ ದಡದಲ್ಲಿ ನಿಂತು ಎಳೆಯುತ್ತಿದ್ದರು. ಹಾಗಾಗಿ ನಮ್ಮವರ ಕಣ್ಣು ಯಾವಾಗಲೂ ಕಡಲಿನ ಮೇಲೆ. ಮೀನು ಬರುವುದು ಅಲ್ಲಿಂದ, ಗಾಳಿ ಅಲ್ಲಿಂದ, ಮಳೆಯೂ ಅಲ್ಲಿಂದ. ಪೂರ್ವಕ್ಕೆ ಬೆನ್ನು ಹಾಕಿಯೇ ಬದುಕಿದವರು ನಾವು.

ಮನೆಗೆ ಮಣ್ಣಿನ ಗೋಡೆ, ಮಡಲಿನ ಮಾಡು, ಎಂದರೆ ತೆಂಗಿನ ಗರಿಯ ಛಾವಣಿ. ತೆಂಗಿನ ಮಡಲನ್ನು ನೀರಲ್ಲಿ ನೆನೆಸಿ, ನಡುವೆ ಸೀಳಿ, ಜಡೆಯ ಹಾಗೆ ಹೆಣೆದು ಬಿದಿರಿನ ಹಂದರದ ಮೇಲೆ ಹೊದೆಸುತ್ತಿದ್ದೆವು. ಒಂದು ಮಳೆಗಾಲ ದಾಟುವಾಗ ಅದು ಕೊಳೆಯುತ್ತಿತ್ತು, ಬೇಸಿಗೆಗೆ ಒಣಗಿ ಹುಡಿಯಾಗುತ್ತಿತ್ತು. ಪ್ರತಿ ವರ್ಷ ಹಳೆಯದನ್ನು ಕಿತ್ತು ಹೊಸದು ಹೊದೆಸಬೇಕು. ಒಂದು ಮನೆಗೆ ಒಂದು ದಿನ. ಆ ದಿನ ನೆರೆಕರೆಯ ಗಂಡಸರೆಲ್ಲ ಆ ಮನೆಯ ಮಾಡಿನ ಮೇಲೆ. ಕೂಲಿ ಕೊಡುವ ಕ್ರಮ ಇರಲಿಲ್ಲ. ಗಂಜಿ, ಮೀನಿನ ಸಾರು, ಆಮೇಲೆ ಎಲೆ ಅಡಿಕೆ. ಮರುದಿನ ಅವರೆಲ್ಲ ಇನ್ನೊಂದು ಮನೆಗೆ.

ಈ ಕೆಲಸ ಪತ್ತನಾಜೆಯ ಒಳಗೆ ಮುಗಿಯಬೇಕಿತ್ತು. ಪತ್ತನಾಜೆ ಎಂದರೆ ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಮೇ ತಿಂಗಳ ಕೊನೆಗೆ ಬರುತ್ತದೆ. ಅಂದಿಗೆ ಭೂತಗಳ ನೇಮ, ಕೋಲ, ಯಕ್ಷಗಾನ ಎಲ್ಲ ನಿಂತು ಊರು ಮಳೆಗಾಲಕ್ಕೆ ಸಜ್ಜಾಗುತ್ತದೆ. ‘ಪತ್ತನಾಜೆಗೆ ಹತ್ತು ಹನಿ’ ಎಂದು ನಮ್ಮ ಕಡೆಯ ಮಾತು. ಅಂದು ಹತ್ತು ಹನಿಯಾದರೂ ಮಳೆ ಬೀಳಲೇಬೇಕಂತೆ. “ಅದಕ್ಕೆ ಮೊದಲು ಒಂದು ಹನಿಯೂ ಬೀಳುವುದಿಲ್ಲ,” ಎಂದು ಅಪ್ಪ ಹೇಳುತ್ತಿದ್ದರು. ಮೊದಲ ಮಾತು ಹಿರಿಯರದ್ದು. ಎರಡನೆಯದು ಅಪ್ಪನೇ ಸೇರಿಸಿಕೊಂಡದ್ದು, ಪಾಪ.

ನನಗೆ ಹತ್ತು ವಯಸ್ಸಾಗಿದ್ದ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅವಳನ್ನು ಪೂರ್ವಕ್ಕೆ, ಕಾರ್ಕಳದ ದಾರಿಯ ಬೆಳ್ಮಣ್ಣಿಗೆ ಕೊಟ್ಟಿತ್ತು. ಭಾವನ ಮನೆಯವರಿಗೆ ಅಲ್ಲಿ ಒಣಮೀನಿನ ಅಂಗಡಿ, ವಾಸಕ್ಕೆ ಹೆಂಚಿನ ಮನೆ. ಕರೆದುಕೊಂಡು ಬರಲು ಹೋದಾಗ ಅಕ್ಕನ ಅತ್ತೆ ಮೆಲ್ಲಗೆ ಹೇಳಿದ್ದರಂತೆ: “ಮಳೆಗಾಲದ ಬಾಯಿಯಲ್ಲಿ ಮಡಲಿನ ಮನೆಗೆ ಯಾಕೆ? ಇಲ್ಲೇ ಆಗಲಿ, ನಮಗೇನು ಭಾರವಲ್ಲ.” ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಪ್ಪನಿಗೆ ಅದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. “ಚೊಚ್ಚಲು ತವರಲ್ಲೇ ಆಗಬೇಕು. ನನ್ನ ಮಗಳಿಗೆ ನನ್ನ ಮಾಡು ಸಾಕು,” ಎಂದು ಹೇಳಿ ಕರೆದುಕೊಂಡು ಬಂದರು.

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿಬಿಟ್ಟಿತು. ಎಷ್ಟು ಸಣ್ಣದು ಎಂದರೆ ಅಪ್ಪ ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಹಿಡಿಯುವಷ್ಟು. ಅಳುವುದಕ್ಕೂ ಶಕ್ತಿಯಿಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಸ್ವರ. ಹಾಲು ಎಳೆದು ಕುಡಿಯಲು ಬರುತ್ತಿರಲಿಲ್ಲ. ಅಕ್ಕ ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಅದರ ತುಟಿಗೆ ಇಡುತ್ತಿದ್ದಳು. ಹೆರಿಗೆ ಮಾಡಿಸಿದ ಮುದುಕಿ ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು: “ತಾನಾಗಿ ಹಾಲು ಎಳೆಯುವವರೆಗೆ ಇದು ನಿಮ್ಮದಲ್ಲ. ಬೆಚ್ಚಗಿಡಿ. ಒಂದು ಹನಿ ತಣ್ಣೀರು, ಒಂದು ಬೀಸು ಗಾಳಿ ತಾಗಬಾರದು.” ಆ ಮಾತು ಕೇಳಿದ ಮೇಲೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನಾನು ಮಾತ್ರ ಕೋಣೆಯ ಬಾಗಿಲಿಗೂ ಅಂಗಳಕ್ಕೂ ಸುತ್ತುತ್ತಿದ್ದೆ. ಹೋಗಿ ಇಣುಕುವುದು, ಎದೆ ಏರಿಳಿಯುತ್ತಿದೆಯೇ ನೋಡುವುದು, ಬರುವುದು, ಮತ್ತೆ ಹೋಗುವುದು.

ಅಷ್ಟರಲ್ಲಿ ನಮ್ಮ ಮನೆಯ ಮಾಡು ಹೊದೆಸುವ ದಿನ ಬಂತು. ಮುಂದೆ ಹಾಕುವ ಹಾಗಿರಲಿಲ್ಲ; ಮರುದಿನ, ಅದರ ಮರುದಿನ ಬೇರೆಯವರ ಸರದಿ. ಹಳೆಯ ಮಡಲು ಆಗಲೇ ಜರಡಿಯಾಗಿತ್ತು, ಮಲಗಿದರೆ ನಕ್ಷತ್ರ ಕಾಣುತ್ತಿತ್ತು. ಹೊದೆಸದೆ ಇದ್ದರೆ ಪತ್ತನಾಜೆಯ ಮಳೆಗೆ ಬಾಣಂತಿ ಮಗು ಇಬ್ಬರೂ ನೆನೆಯುವುದೇ.

ಬೆಳಿಗ್ಗೆಯೇ ನೆರೆಕರೆಯವರು ಬಂದು ಮಾಡು ಹತ್ತಿದರು. ಹಳೆಯ ಮಡಲು ಕೀಳುವಾಗ ವರ್ಷವಿಡೀ ಹಿಡಿದ ಅಡುಗೆಮನೆಯ ಕರಿ, ಧೂಳು, ಜೇಡರ ಬಲೆ ಎಲ್ಲ ಹುಡಿಹುಡಿಯಾಗಿ ಬೀಳುತ್ತಿತ್ತು. ಸೂತಕ ಕಳೆಯದ ಬಾಣಂತಿಯನ್ನು ಬೇರೆ ಮನೆಗೆ ಕಳಿಸುವ ಕ್ರಮವಿಲ್ಲ ಎಂದು ಅಮ್ಮ ಅಕ್ಕನನ್ನೂ ಮಗುವನ್ನೂ ಮುಂದಿನ ಚಾವಡಿಗೆ ತಂದು ಕೂರಿಸಿದಳು. ಒಳಕೋಣೆಯ ಮಾಡು ಬರಿದಾಯಿತು. ದೊಡ್ಡಪ್ಪ ನೆತ್ತಿಯ ಬಿದಿರನ್ನು ಕತ್ತಿಯ ಹಿಡಿಯಿಂದ ಕುಟ್ಟಿ ನೋಡಿ, “ಇದಕ್ಕೆ ಹುಳ ಹಿಡಿದಿದೆ. ಆಳು ಕೂತರೆ ಮುರಿದೀತು. ಕೊನೆಗೆ ಇದನ್ನು ಬದಲಿಸುವ,” ಎಂದರು.

ಪ್ರತಿ ವರ್ಷದ ಕ್ರಮ ಹೀಗೆ: ಮೊದಲು ಒಳಕೋಣೆಯ ಮಾಡು ಕಿತ್ತು, ಹೊದೆಸಿ, ಕಟ್ಟಿ ಮುಗಿಸುವುದು. ಆಮೇಲೆ ಚಾವಡಿ. ಮನೆಯ ಅರ್ಧಕ್ಕೆ ಯಾವಾಗಲೂ ಮಾಡು ಇರುತ್ತಿತ್ತು. ಆದರೆ ಆ ದಿನ ಅಪ್ಪ ಬೇರೆ ಹೇಳಿದರು. “ಎರಡೆರಡು ಸಲ ಧೂಳು ಏಳುವುದು ಬೇಡ. ಮಗುವಿಗೆ ಆಗುವುದಿಲ್ಲ. ಇಡೀ ಮಾಡು ಒಮ್ಮೆಗೇ ಕಿತ್ತು ಹಾಕುವ. ಒಳಗೆ ಗುಡಿಸಿ ಅವರನ್ನು ಮಲಗಿಸಿಬಿಟ್ಟರೆ ಮತ್ತೆ ಎಬ್ಬಿಸುವುದು ಬೇಡ. ಪತ್ತನಾಜೆಗೆ ಇನ್ನೂ ದಿನ ಉಂಟಲ್ಲ.” ದೊಡ್ಡಪ್ಪ ಕಡಲಿನ ಕಡೆ ನೋಡಿದರು. ಕಡಲು ಇಸ್ತ್ರಿ ಹಾಕಿದ ಹಾಗಿತ್ತು. “ಸರಿ, ನೀನು ಹೇಳಿದ ಹಾಗೇ ಆಗಲಿ,” ಎಂದರು.

ಕಿತ್ತೇ ಬಿಟ್ಟರು. ಅಕ್ಕ ಮತ್ತು ಮಗು ಒಳಕೋಣೆಗೆ ಹಿಂದಿರುಗಿದರು, ಬರೀ ಬಿದಿರಿನ ಕೆಳಗೆ. ಬಿಸಿಲು ಬೀಳದ ಹಾಗೆ ಅಮ್ಮನ ಹಳೆಯ ಸೀರೆಯೊಂದನ್ನು ಮಂಚದ ಮೇಲೆ ಅಡ್ಡ ಕಟ್ಟಿದರು. ನಾನು ಮನೆಯ ಒಳಗೆ ನಿಂತು ತಲೆ ಎತ್ತಿದೆ. ಗೋಡೆಗಳ ನಡುವೆ ನೀಲಿ ಆಕಾಶ! ಕಾಗೆಯೊಂದು ನಮ್ಮ ಮನೆಯ ಮೇಲೆಯೇ ಹಾರಿಹೋಯಿತು. ಮಜಾ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಮಧ್ಯಾಹ್ನ ಗಂಜಿ ಊಟ ಮುಗಿಯಿತು. ಒಳಕೋಣೆಗೆ ಸೂರಿನ ಕಡೆಯಿಂದ ಹೊಸ ಮಡಲು ಕಟ್ಟುತ್ತಾ ಬರುತ್ತಿದ್ದರು. ಅಷ್ಟರಲ್ಲಿ ವೀಳ್ಯದೆಲೆ ಮುಗಿಯಿತು. ಅಮ್ಮನಿಗೆ ಅದೇ ಬೇಕಿತ್ತು. “ಪೇಟೆಗೆ ಓಡು ಮಗಾ, ಎಲೆ ತೆಗೆದುಕೊಂಡು ಬಾ. ಅಷ್ಟು ಹೊತ್ತಾದರೂ ನನ್ನ ಕಾಲಡಿ ಸಿಕ್ಕಬೇಡ.”

ಓಡಿದೆ. ಕಡಲ ಗಾಳಿ ಬೆನ್ನಿಗೆ ಬೀಸುತ್ತಿತ್ತು. ತೆಂಗಿನ ತೋಟ ದಾಟಿ ಗದ್ದೆಯ ಅಂಚಿನ ಹುಣಿಗೆ ಬಂದೆ. ಅಲ್ಲಿ ಥಟ್ಟನೆ ಗಾಳಿ ನಿಂತಿತು. ಯಾರೋ ಬಾಗಿಲು ಹಾಕಿದ ಹಾಗೆ. ಬೆವರು ಕಿವಿಯ ಹಿಂದೆ ಇಳಿಯತೊಡಗಿತು. ಮುಂದೆ ನೋಡಿದರೆ ಪೂರ್ವದ ಗುಡ್ಡಗಳ ಮೇಲೆ ಒಂದು ಮೋಡ ಎದ್ದಿತ್ತು. ತಲೆ ಬೆಳ್ಳಗೆ, ಬುಡ ದೋಸೆ ಕಾವಲಿಯ ತಳದ ಹಾಗೆ ಕಪ್ಪು. ಗುಡುಗು ಕೇಳಿಸಿತೋ ಇಲ್ಲವೋ ಎನ್ನುವಷ್ಟು ದೂರ. ಇದನ್ನು ನಮ್ಮ ಅಂಗಳದಿಂದ ಯಾರೂ ನೋಡಿರಲಾರರು.

ಪೇಟೆಯಲ್ಲಿ ಎಲೆ ಕೊಳ್ಳುತ್ತಿದ್ದಾಗ ಕಾರ್ಕಳ ಕಡೆಯ ಬಸ್ಸು ಬಂದು ನಿಂತಿತು. ಇಡೀ ಬಸ್ಸು ಒದ್ದೆ! ಮೇಲಿನ ಸಾಮಾನಿನ ಟಾರ್ಪಾಲಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಕಾಪುವಿನ ರಸ್ತೆಯಲ್ಲಿ ಕಾಲಿಟ್ಟರೆ ಧೂಳು ಏಳುತ್ತಿತ್ತು, ಬಸ್ಸಿನ ಚಕ್ರದಲ್ಲಿ ಕೆಂಪು ಕೆಸರು. ಬಾಗಿಲಿನಿಂದ ಇಳಿದವರು ಯಾರು? ನಮ್ಮ ಭಾವ! ಒಂದು ಕೈಯಲ್ಲಿ ಬಾಳೆಗೊನೆ, ಇನ್ನೊಂದು ಕೈಯಲ್ಲಿ ಬಾಣಂತಿ ಲೇಹದ ಭರಣಿ, ತಲೆಯಿಂದ ಕಾಲಿನವರೆಗೆ ನೀರು.

“ಭಾವ, ಹೊಳೆಗೆ ಬಿದ್ದಿರಾ?”

“ಹೊಳೆ ಅಲ್ಲ ಮಾರಾಯ, ಮಳೆ! ಬೆಳ್ಮಣ್ಣಿನಲ್ಲಿ ಬಸ್ಸು ಹತ್ತುವಾಗ ಕೊಡೆ ಬಿಡಿಸಲೂ ಬಿಡಲಿಲ್ಲ. ಗಾಳಿ ಅಂದರೆ ಗಾಳಿ. ನಮ್ಮ ಬಸ್ಸಿನ ಹಿಂದೆಯೇ ಬರ್ತಾ ಉಂಟು ಅದು.”

ನನ್ನ ಕೈಯಿಂದ ಎಲೆಯ ಕಟ್ಟು ಬಿತ್ತು. “ಭಾವ, ನಮ್ಮ ಮನೆಗೆ ಮಾಡಿಲ್ಲ!”

“ಎಂತ?”

“ಮಾಡು! ಕಿತ್ತು ಹಾಕಿದ್ದಾರೆ. ಅಕ್ಕ ಒಳಗಿದ್ದಾಳೆ, ಮಗು ಒಳಗಿದೆ!”

ಭಾವ ಓಟ ಕಿತ್ತರು. ಅವರು ಅಷ್ಟು ಜೋರಾಗಿ ಓಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಗದ್ದೆಯಲ್ಲಿ ಹಾರಿ, ತೋಟದಲ್ಲಿ ಎಡವಿ, ಬಾಳೆಹಣ್ಣು ಉದುರಿಸುತ್ತಾ ಓಡಿದೆವು. ಈಗ ಗಾಳಿ ಮತ್ತೆ ನಮ್ಮ ಬೆನ್ನಿಗೇ ಬೀಸುತ್ತಿತ್ತು. ಆದರೆ ನಾವು ಕಡಲಿನ ಕಡೆ ಓಡುತ್ತಿದ್ದೆವು! ಗಾಳಿ ಪೂರ್ವದಿಂದ ಬರುತ್ತಿದೆ ಎಂದು ನನಗೆ ಆಗ ಹೊಳೆಯಿತು. ತಣ್ಣನೆಯ ಗಾಳಿ, ಒದ್ದೆ ಮಣ್ಣಿನ ವಾಸನೆ.

ಅಂಗಳಕ್ಕೆ ನುಗ್ಗಿ “ಮಳೆ, ಮಳೆ!” ಎಂದು ಕೂಗಿದೆ. ಮಾಡಿನ ಮೇಲಿದ್ದವರೆಲ್ಲ ಒಟ್ಟಿಗೆ ಕಡಲಿನ ಕಡೆ ತಿರುಗಿ ನೋಡಿದರು. ದೊಡ್ಡಪ್ಪ ನಕ್ಕರು. “ಎಲ್ಲಿ ಉಂಟು ಮಗಾ ಮಳೆ? ಪೂರ್ವದ ಗುಡುಗಾ? ಅದು ಕಾರ್ಕಳದವರ ಬಾಬ್ತು. ಘಟ್ಟದ ಬುಡದಲ್ಲಿ ಸುರಿದು ಮುಗಿಯುತ್ತದೆ. ಕಡಲ ಕರೆಗೆ ಬಂದದ್ದುಂಟಾ?”

ಅಮ್ಮ ಅಳಿಯನನ್ನು ಕಂಡು, ಆ ಗಡಿಬಿಡಿಯಲ್ಲೂ ಬೆಲ್ಲ ನೀರು ತರಲು ಒಳಗೆ ತಿರುಗಿದಳು. ಅಪ್ಪ ಮಾತ್ರ ಮಾಡಿನ ಅಂಚಿನಲ್ಲಿ ಕುಳಿತಲ್ಲಿಂದಲೇ ಭಾವನನ್ನು ನೋಡಿದರು. ಅಂಗಿಯ ತುದಿಯಿಂದ ನೀರು ನಮ್ಮ ಒಣ ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು. ಅಪ್ಪನ ಮುಖದಿಂದ ರಕ್ತ ಇಳಿದುಹೋಯಿತು. “ಬಂದದ್ದುಂಟು ಅಣ್ಣಾ,” ಎಂದರು. “ಬಂದಾಯಿತು.”

ಅಷ್ಟೇ. ತೆಂಗಿನ ಮರಗಳು ಒಮ್ಮೆಗೇ ಕಡಲಿನ ಕಡೆಗೆ ಬಾಗಿದವು. ಅಮ್ಮ ಮಗುವನ್ನು ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಹೊರಗೆ ಓಡಿದಳು, ನೆರೆಮನೆಗೆ ಸೇರಿಸೋಣ ಎಂದು. ಅಂಗಳ ದಾಟುವ ಮೊದಲೇ ಅವಳ ಮುಂದೆ ಒಂದು ತೆಂಗಿನಕಾಯಿ ದೊಪ್ಪೆಂದು ಬಿತ್ತು. ಹಿಂದೆಯೇ ಇನ್ನೊಂದು. ನೆರೆಮನೆಗೆ ಹೋಗುವ ದಾರಿಯುದ್ದಕ್ಕೂ ತೆಂಗಿನ ಮರಗಳೇ. “ಒಳಗೆ ಹೋಗು, ಒಳಗೆ!” ಎಂದು ಅಪ್ಪ ಮೇಲಿನಿಂದ ಕೂಗಿದರು. “ಮಾಡು ನಾವು ಕೊಡುತ್ತೇವೆ!”

ಚಾವಡಿಯನ್ನು ಬಿಟ್ಟೇಬಿಟ್ಟರು. ಅಂಗಳದಲ್ಲಿದ್ದ ಹೆಣೆದ ಮಡಲನ್ನೆಲ್ಲ ಕೈಯಿಂದ ಕೈಗೆ ದಾಟಿಸಿ ಒಳಕೋಣೆಯ ಮೇಲೆ ಒಂದರ ಮೇಲೊಂದು ಹಾಸಿದರು. ಕಟ್ಟಲು ಎಲ್ಲಿ ಸಮಯ? ದೊಡ್ಡ ಹನಿಗಳು ಬೀಳತೊಡಗಿದವು. ಗಾಳಿ ಒಂದು ಮಡಲನ್ನು ಎತ್ತಿ ಬಾವಿಯ ಆಚೆಗೆ ಎಸೆಯಿತು, ಆಮೇಲೆ ಇನ್ನೊಂದನ್ನು. ಹಾಸಿದ್ದೆಲ್ಲ ರೆಕ್ಕೆ ಬಡಿಯುವ ಹಾಗೆ ಬಡಿದುಕೊಳ್ಳತೊಡಗಿತು.

“ಮಲಗಿ!” ಎಂದು ಅಪ್ಪ ಕಿರುಚಿದರು. “ಮಡಲಿನ ಮೇಲೆ ಮಲಗಿ!” ಹಾಗೆಂದು ತಾವೇ ಮೊದಲು ಬೋರಲು ಬಿದ್ದರು. ದೊಡ್ಡಪ್ಪ ಅವರ ಪಕ್ಕದಲ್ಲಿ. ನೆರೆಕರೆಯವರು ಒಬ್ಬೊಬ್ಬರಾಗಿ, ಕೈಕಾಲು ಅಗಲಿಸಿ, ಕೆಳಗಿನ ಬಿದಿರನ್ನು ಹಿಡಿದುಕೊಂಡು ಮಲಗಿದರು. ಭಾವ ಲೇಹದ ಭರಣಿಯನ್ನು ತುಳಸಿಕಟ್ಟೆಯ ಬುಡದಲ್ಲಿಟ್ಟು ಏಣಿ ಹತ್ತಿ ಅಪ್ಪನ ಇನ್ನೊಂದು ಬದಿಗೆ ಮಲಗಿದರು. ರಂಪಣಿಯ ಹಗ್ಗಕ್ಕೆ ಸಾಲಾಗಿ ನಿಲ್ಲುವವರು ಅಂದು ನಮ್ಮ ಮನೆಯ ಮೇಲೆ ಸಾಲಾಗಿ ಬಿದ್ದಿದ್ದರು.

ಆದರೆ ನೆತ್ತಿ? ಎರಡು ಇಳಿಜಾರು ಸೇರುವ ತುದಿಯಲ್ಲಿ ಮಡಲು ಹಾರುತ್ತಲೇ ಇತ್ತು. ಅದರ ನೇರ ಕೆಳಗೆ ಮಂಚ. ಆ ಬಿದಿರಿಗೆ ಹುಳ ಹಿಡಿದಿದೆ, ಗಂಡಸರು ಯಾರೂ ಏರುವ ಹಾಗಿಲ್ಲ. “ಇಲ್ಲಿ ನೀರು ಬೀಳ್ತಾ ಉಂಟು, ಮಗುವಿನ ಮೇಲೆ ಬೀಳ್ತಾ ಉಂಟು!” ಎಂದು ಒಳಗಿನಿಂದ ಅಕ್ಕನ ಕೂಗು.

ಅಪ್ಪ ತಲೆ ಎತ್ತಿ ಅಂಗಳದಲ್ಲಿದ್ದ ನನ್ನನ್ನು ನೋಡಿದರು. ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಮಿಂಚು ಹೊಳೆಯುತ್ತಿರುವಾಗ ಯಾವ ಅಪ್ಪನಿಗೆ ‘ನೀನು ಹತ್ತು’ ಎಂದು ಹೇಳಲು ಬಂದೀತು? ಅವರು ಹೇಳುವವರೆಗೆ ನಾನು ಕಾಯಲಿಲ್ಲ. ಕಾಯುವುದು ನನಗೆ ಗೊತ್ತಿರಲೂ ಇಲ್ಲ. ಏಣಿ ಹತ್ತಿ, ದೊಡ್ಡಪ್ಪನ ಬೆನ್ನು ತುಳಿದು, ನೆತ್ತಿಗೆ ಹೋಗಿ ಓತಿಕ್ಯಾತದ ಹಾಗೆ ಅಂಟಿಕೊಂಡೆ. ಆ ಕಡೆಗೊಂದು ಕೈ ಕಾಲು, ಈ ಕಡೆಗೊಂದು ಕೈ ಕಾಲು. ಬಿದಿರು ಕಿರ್ರೆಂದಿತು, ಮುರಿಯಲಿಲ್ಲ.

“ಅಲುಗಬೇಡ ಮಗಾ!” ಎಂದರು ಅಪ್ಪ. “ನೀನು ಏನು ಬೇಕಾದರೂ ಮಾಡು, ಅಲುಗಬೇಡ!”

ಮಳೆ ಸುರಿಯಿತು ನೋಡಿ! ಹನಿಗಳಲ್ಲ, ಕಲ್ಲುಗಳು. ಬೆನ್ನು ಉರಿಯಿತು. ಮಡಲಿನ ಕಡ್ಡಿ ಎದೆಗೆ ಚುಚ್ಚಿತು, ಕೆಂಪು ಚಗಳಿ ಇರುವೆಯೊಂದು ಕುತ್ತಿಗೆಗೆ ಕಚ್ಚಿ ಹಿಡಿಯಿತು. ಅದನ್ನು ತೆಗೆಯಲು ಒಂದು ಕೈ ಬಿಟ್ಟೆನಷ್ಟೇ, “ಮೇಲೆ ಯಾರು ಅಲುಗಿದ್ದು? ನೀರು ಬಿತ್ತು!” ಎಂದು ಅಮ್ಮನ ಸ್ವರ ಕೇಳಿಸಿತು. ಕೈಯನ್ನು ಮತ್ತೆ ಮಡಲಿಗೆ ಒತ್ತಿದೆ. ಇರುವೆ ಕಚ್ಚಲಿ. ನನ್ನ ಕಾಲುಗಳು ಓಡಬೇಕು ಓಡಬೇಕು ಎಂದು ನಡುಗುತ್ತಿದ್ದವು, ಅವುಗಳನ್ನೂ ಒತ್ತಿ ಹಿಡಿದೆ. ಕೆನ್ನೆ ಮಡಲಿಗೆ ತಾಗಿತ್ತು. ಕೆಳಗಿನಿಂದ ಸಾಂಬ್ರಾಣಿಯ ಹೊಗೆಯ ವಾಸನೆ, ಮಗುವಿನ ಆ ಸಣ್ಣ ಸ್ವರ.

ಇದ್ದಕ್ಕಿದ್ದಂತೆ ಆ ಸ್ವರ ನಿಂತಿತು.

ಮಳೆಯ ಸದ್ದಿಗೆ ಕೇಳಿಸಲಿಲ್ಲವೋ ಎಂದುಕೊಂಡೆ. ಕಿವಿಯನ್ನು ಮಡಲಿಗೆ ಒತ್ತಿದೆ. ಇಲ್ಲ. ಅಕ್ಕನೂ ಮಾತಾಡುತ್ತಿಲ್ಲ, ಅಮ್ಮನೂ ಇಲ್ಲ. “ಅಕ್ಕಾ!” ಎಂದು ಕೂಗಿದೆ. ಗುಡುಗು ನನ್ನ ಕೂಗನ್ನು ನುಂಗಿತು. ನನಗೆ ಆ ಮುದುಕಿಯ ಮಾತು ನೆನಪಾಯಿತು. ಒಂದು ಹನಿ ತಣ್ಣೀರು. ಎಷ್ಟು ಹನಿ ಬಿದ್ದಿತ್ತೋ! ಇಳಿದು ಓಡಿಹೋಗಿ ನೋಡಬೇಕು, ಎದೆ ಏರಿಳಿಯುತ್ತಿದೆಯೇ ನೋಡಬೇಕು. ಆದರೆ ನಾನು ಇಳಿದರೆ ನೀರು ಬೀಳುವುದು ಮಗುವಿನ ಮೇಲೆಯೇ. ಮಕ್ಕಳೇ, ಅಷ್ಟು ಕಷ್ಟದ ಕೆಲಸವನ್ನು ನಾನು ಮತ್ತೆ ಮಾಡಿಲ್ಲ. ಅಳುತ್ತಾ ಅಲುಗದೆ ಮಲಗಿದ್ದೆ. ಮಳೆಯಲ್ಲಿ ಅತ್ತರೆ ಒಂದು ಅನುಕೂಲ, ಯಾರಿಗೂ ಗೊತ್ತಾಗುವುದಿಲ್ಲ.

ಕೆಳಗಿನಿಂದ ಏನೋ ನನ್ನ ಹೊಟ್ಟೆಗೆ ತಟ್ಟಿತು. ಅಕ್ಕ ಗುಡಿಸುವ ಹಿಡಿಸೂಡಿಯ ಬುಡದಿಂದ ಮಡಲನ್ನು ಕುಟ್ಟುತ್ತಿದ್ದಳು. “ತಮ್ಮಾ, ಕೇಳ್ತದಾ? ಮಗು ಹಾಲು ಕುಡಿಯುತ್ತಾ ಉಂಟು! ಅದೇ ಎಳೆದು ಕುಡಿಯುತ್ತಾ ಉಂಟು, ತಮ್ಮಾ! ಅಪ್ಪನಿಗೆ ಹೇಳು!”

“ಅಪ್ಪಾ, ಹಾಲು ಕುಡಿಯುತ್ತಾ ಉಂಟಂತೆ!” ಎಂದು ಕಿರುಚಿದೆ. ಅಪ್ಪ ದೊಡ್ಡಪ್ಪನಿಗೆ, ದೊಡ್ಡಪ್ಪ ಅವರ ಪಕ್ಕದವರಿಗೆ. ಮಾಡಿನ ಮೇಲೆ ಬಾಯಿಂದ ಬಾಯಿಗೆ ಆ ಸುದ್ದಿ ಸೂರಿನವರೆಗೆ ಇಳಿದು ಹೋಯಿತು. ಯಾರೂ ಅಲುಗಲಿಲ್ಲ, ಎಲ್ಲರೂ ನಗುತ್ತಿದ್ದರು.

ಬಂದ ಹಾಗೆಯೇ ಮಳೆ ಕಡಲಿನ ಕಡೆ ದಾಟಿಹೋಯಿತು. ದೀಪಸ್ತಂಭದ ಹಿಂದೆ ಮಾಸಿದ ಪರದೆಯ ಹಾಗೆ ಅದು ಸರಿಯುವುದನ್ನು ನಾನು ನೆತ್ತಿಯಿಂದಲೇ ನೋಡಿದೆ. ಬಿಸಿಲು ಬಂತು. ಗಂಡಸರು ಎದ್ದು ಕುಳಿತರು. ಎಲ್ಲರ ಎದೆಯ ಮೇಲೂ ಮಡಲಿನ ಹೆಣಿಗೆ ಅಚ್ಚಾಗಿತ್ತು. ಚಾವಡಿ ಪೂರ್ತಿ ಕೆರೆಯಾಗಿತ್ತು, ಗಂಜಿಯ ಪಾತ್ರೆ ತೇಲುತ್ತಿತ್ತು. ಒಳಕೋಣೆಯ ಮಂಚ ಮಾತ್ರ ಒಣಗಿತ್ತು, ಒಂದು ಮೂಲೆಯನ್ನು ಬಿಟ್ಟು.

ಅಪ್ಪ ಮುಖವನ್ನು ಎರಡೂ ಕೈಗಳಿಂದ ಉಜ್ಜಿಕೊಂಡು, ಭಾವನನ್ನು ನೋಡದೆ ಹೇಳಿದರು: “ನಿಮ್ಮ ಅಮ್ಮನ ಮಾತು ಕೇಳಬೇಕಿತ್ತು ಅಳಿಯಂದಿರೇ. ಹೆಂಚಿನ ಮನೆಯಲ್ಲಿ ಇಟ್ಟಿದ್ದರೆ ಇದೆಲ್ಲ ಇರಲಿಲ್ಲ.”

ಭಾವ ಎದೆಗೆ ಚುಚ್ಚಿದ ಕಡ್ಡಿ ತೆಗೆಯುತ್ತಾ ಕುಳಿತಿದ್ದರು. “ನಮ್ಮ ಹೆಂಚು ಹಾರಿದ್ದರೆ ಅದರ ಮೇಲೆ ಬಂದು ಇಷ್ಟು ಜನ ಯಾರು ಮಲಗುತ್ತಿದ್ದರು ಮಾವ?” ಎಂದರು.

ದೊಡ್ಡಪ್ಪ ಜೋರಾಗಿ ನಕ್ಕುಬಿಟ್ಟರು. ಅಮ್ಮ ಬೆಲ್ಲ ನೀರು ಹಿಡಿದುಕೊಂಡು ಏಣಿಯ ಬುಡದಲ್ಲಿ ನಿಂತಿದ್ದಳು, ಆಗ ಅಳಿಯನಿಗೆ ಕೊಡಲು ಮರೆತದ್ದು. ಸಂಜೆಯಾಗುವ ಮೊದಲು ಒಳಕೋಣೆಯ ಮಾಡನ್ನು ಕಟ್ಟಿ ಮುಗಿಸಿದರು. ಮರುದಿನದ ಮನೆಯವರು ತಮ್ಮ ಸರದಿ ಬಿಟ್ಟುಕೊಟ್ಟರು, ಚಾವಡಿಗೂ ಮಾಡು ಬಂತು.

ನಾನು ಇಳಿಯುವಾಗ ಅಪ್ಪ ನನ್ನ ಕುತ್ತಿಗೆಯಿಂದ ಸತ್ತ ಇರುವೆಯನ್ನು ತೆಗೆದರು. “ನಾವೆಲ್ಲ ಕಡಲನ್ನೇ ನೋಡಿಕೊಂಡು ಕೂತಿದ್ದೆವು,” ಎಂದರು. “ನಿನಗೆ ಹೇಗೂ ಕೂತಲ್ಲಿ ಕೂರಲಾಗುವುದಿಲ್ಲ. ಇನ್ನು ಪೂರ್ವ ದಿಕ್ಕು ನಿನ್ನ ಬಾಬ್ತು. ದಿನಾ ಹೋಗಿ ನೋಡಿ ಬಂದು ಹೇಳು.” ಅಲ್ಲಿಯವರೆಗೆ ನನ್ನ ಓಡಾಟಕ್ಕೆ ಬೈಗಳು ಸಿಕ್ಕಿತ್ತು. ಕೆಲಸ ಸಿಕ್ಕಿದ್ದು ಅದೇ ಮೊದಲು.

ಆ ಕೆಲಸವೇ ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ಓದಿದೆ, ಹವಾಮಾನ ಕಚೇರಿ ಸೇರಿದೆ. ಬೆಳಗಿನ ಜಾವಕ್ಕೆ ಬಲೂನು ಹಾರಿಸಿದೆ, ಮಳೆ ಅಳೆದೆ, ಭೂಪಟಗಳ ಮೇಲೆ ಗಾಳಿಯ ಗೆರೆಗಳನ್ನು ಎಳೆದೆ. ಆ ದಿನ ಏನಾಗಿತ್ತು ಎಂದು ಆಗ ಅರ್ಥವಾಯಿತು. ನಾವು ಸುಖವಾಗಿ ಮೈಯೊಡ್ಡಿದ ಕಡಲ ಗಾಳಿಯೇ ಘಟ್ಟದ ಬುಡಕ್ಕೆ ಹೋಗಿ, ಬಿಸಿಗೆ ಮೇಲೇರಿ, ಮೋಡವಾಗಿ, ಮೇಲಿನ ಗಾಳಿಯ ಜೊತೆ ಹಿಂದಿರುಗಿ ಬಂದಿತ್ತು. ಊರೂರಿಗೆ ವರ್ಗವಾದಾಗ ಬಾಡಿಗೆ ಮನೆ ನೋಡಲು ಹೋದರೆ ನಿಮ್ಮ ಅಜ್ಜಿ ಅಡುಗೆಮನೆ ನೋಡುತ್ತಿದ್ದಳು, ನಾನು ಮಕ್ಕಳು ಮಲಗುವ ಜಾಗದ ಮೇಲಿನ ಮಾಡು ನೋಡುತ್ತಿದ್ದೆ. ನಿಮ್ಮ ಅಪ್ಪ ಶಾಲೆಗೆ ಹೋಗುವಾಗ ದಾರಿಯವರೆಗೆ ಓಡಿ ಕೊಡೆ ಕೊಟ್ಟು ಬರುತ್ತಿದ್ದೆ. “ಊರಿಗೆಲ್ಲ ಮಳೆ ಹೇಳುವ ಮನುಷ್ಯ, ಮಗನಿಗೆ ಬಿಸಿಲಲ್ಲೂ ಕೊಡೆ ಹಿಡಿಸುತ್ತಾರೆ,” ಎಂದು ನಿಮ್ಮ ಅಜ್ಜಿ ನಗುತ್ತಿದ್ದಳು. ಎಷ್ಟೋ ಸಲ ನಾನು ಹೇಳಿದ ಮಳೆ ಬರಲೇ ಇಲ್ಲ, ಜನ ಬೈದರು. ಬೈಯಲಿ. ಬಾರದ ಮಳೆಗೆ ಮಾಡು ಹೊದೆಸಿದರೆ ಯಾರಿಗೆ ಏನು ನಷ್ಟ?

ಈಗ ನಿಮ್ಮ ಕಾಲ. ಮಣಿಪಾಲದ ಈ ಫ್ಲ್ಯಾಟ್ ಮನೆಗೆ ಕಾಂಕ್ರೀಟ್ ಸ್ಲ್ಯಾಬ್. ಅದನ್ನು ವರ್ಷ ವರ್ಷ ಕೀಳುವುದೂ ಇಲ್ಲ, ಹೊದೆಸುವುದೂ ಇಲ್ಲ. ಮೇಲಿನ ಮನೆಯಲ್ಲಿ ಯಾರಿದ್ದಾರೆ ಎಂದು ನಿಮಗೆ ಗೊತ್ತಿಲ್ಲ. ಹೊರಗೆ ಮಳೆ ಸುರಿದರೆ ನೀವು ಟಿವಿಯ ಸದ್ದನ್ನು ಸ್ವಲ್ಪ ಏರಿಸುತ್ತೀರಿ. ಪೂರ್ವದ ಗುಡ್ಡದ ಮೇಲೆ ಮೋಡ ಏಳುವ ಮೊದಲೇ ಮೊಬೈಲು ಟಿಂಗ್ ಎನ್ನುತ್ತದೆ, ಸಣ್ಣ ಮೋಡದ ಚಿತ್ರ ತೋರಿಸುತ್ತದೆ. ನೀವು ಹೆಬ್ಬೆರಳಲ್ಲಿ ಅದನ್ನು ಆಚೆ ದೂಡಿ ಆಟ ಮುಂದುವರಿಸುತ್ತೀರಿ. ನನಗೆ ಸಿಟ್ಟಿಲ್ಲ. ಆ ಟಿಂಗ್ ಎನ್ನುವ ಸದ್ದಿಗಾಗಿ ನಾನೂ ನನ್ನಂಥವರೂ ಜೀವಮಾನವಿಡೀ ದುಡಿದೆವು. ಆದರೂ ಹೇಳುತ್ತೇನೆ, ನನಗೆ ಅದಕ್ಕಿಂತ ಇನ್ನೊಂದು ಫೋನಿನ ಮೇಲೆ ನಂಬಿಕೆ ಹೆಚ್ಚು.

ನಿಮ್ಮ ಬೆಳ್ಮಣ್ಣಿನ ಅತ್ತೆಯ ಫೋನು. ಹೌದು, ಅವಳೇ, ಬಂದರೆ ಮನೆಯೆಲ್ಲ ಗಲಾಟೆ ಮಾಡಿ, ನಿಮ್ಮ ಕೆನ್ನೆ ಕೆಂಪಾಗುವ ಹಾಗೆ ಹಿಂಡುವವಳು. ಮೇ ತಿಂಗಳಲ್ಲಿ ಬೆಳ್ಮಣ್ಣಿನಲ್ಲಿ ಗುಡುಗಿದರೆ ಸಾಕು, ನನಗೆ ಫೋನು ಮಾಡುತ್ತಾಳೆ. “ಮಾಮ, ಇಲ್ಲಿ ಶುರುವಾಯಿತು. ನಿಮಗೆ ಮಾಡು ಉಂಟಲ್ಲ?” ಎಂದು ಕೇಳಿ, ಜೋರಾಗಿ ನಕ್ಕು ಇಡುತ್ತಾಳೆ. ಅತ್ತೆಗೆ ಮರುಳು ಎಂದು ನೀವು ನಗುತ್ತೀರಿ. ನಾನು ಹೇಳಿದ ಎರಡು ಅಂಗೈಯಷ್ಟಿನ ಮಗು ಅವಳೇ. ಈಗ ಅವಳೇ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ.

ಈಗಷ್ಟೇ ಅವಳ ಫೋನು ಬಂತು. ನಾನು ಎದ್ದದ್ದು ಅದಕ್ಕೇ. ಕಚೇರಿಯ ಕೆಲಸದಿಂದ ನನಗೆ ನಿವೃತ್ತಿ ಸಿಕ್ಕಿದೆ, ಅಪ್ಪ ಕೊಟ್ಟ ಕೆಲಸದಿಂದ ಯಾರೂ ಬಿಡಿಸಿಲ್ಲ. ಮೆಟ್ಟಿಲಲ್ಲಿ ಮತ್ತೆ ನನ್ನ ಅಂಗಿ ಹಿಡಿದು ಎಳೆಯುತ್ತಿದ್ದೀರಿ: “ಅಜ್ಜ, ಆಗ ಮಡಲಿತ್ತು, ಹೆದರಿಕೆ ಸರಿ. ಈಗ ಸ್ಲ್ಯಾಬ್ ಉಂಟಲ್ಲ?”

ಉಂಟು ಮಕ್ಕಳೇ, ಗಟ್ಟಿ ಸ್ಲ್ಯಾಬೇ ಉಂಟು. ಆದರೆ ಅದರ ಕೆಳಗೆ ನೀವಿಬ್ಬರೂ ಇದ್ದೀರಲ್ಲ. ಬಿಡಿ, ಒಮ್ಮೆ ಪೂರ್ವ ನೋಡಿ ಬರುತ್ತೇನೆ.